ಸೀರಿಯಲ್ ನಂಬರ್‌ಗೆ 'ಕ್ರಮಸಂಖ್ಯೆ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಪಂಪ್ ಮೋಟರ್ ಮಾಡೋ ಒಂದು ಚಿಕ್ಕ ಫ್ಯಾಕ್ಟರೀಲಿ ಕ್ವಾಲಿಟಿ ನೋಡ್ಕೋತೀನಿ. ನಮ್ಮಲ್ಲಿ ಒಂದೊಂದು ಮೋಟರ್ ಬಾಡಿ ಮೇಲೂ ಒಂದು ನಂಬರ್ ಪಂಚ್ ಮಾಡಿರ್ತೀವಿ, ವೈಂಡಿಂಗು, ವಾರ್ನಿಷು, ಅಸೆಂಬ್ಲಿ, ಟೆಸ್ಟಿಂಗು ಅಂತ ಅದು ಎಲ್ಲೆಲ್ಲಿಗೆ ಹೋಗುತ್ತೋ ಅಲ್ಲಿನ ರಿಜಿಸ್ಟರಲ್ಲಿ ಆ ನಂಬರ್ ಬರೀಬೇಕು. ರಿಜಿಸ್ಟರ್ ಇಂಗ್ಲಿಷಲ್ಲಿತ್ತು, ಕನ್ನಡ ಮಾಡೋಣ ಅಂತ ಹುಮ್ಮಸ್ಸಲ್ಲಿ ನಾನೇ ಆ ಕಾಲಮ್ಮಿಗೆ 'ಕ್ರಮಸಂಖ್ಯೆ' ಅಂತ ಹಾಕ್ಸಿದೆ. ವಾರ ಬಿಟ್ಟು ನೋಡ್ತೀನಿ, ಟೆಸ್ಟಿಂಗ್ ಹುಡುಗ್ರು 1, 2, 3, 4 ಅಂತ ಮುತ್ತು ಪೋಣಿಸಿದ ಹಾಗೆ ಬರ್ಕೊಂಡು ಹೋಗಿದ್ದಾರೆ. ಯಾವ ರೀಡಿಂಗ್ ಯಾವ ಮೋಟರಿಂದು ಅಂತ ಗೊತ್ತಾಗದೆ ಅಷ್ಟನ್ನೂ ಮತ್ತೆ ಟೆಸ್ಟಿಗೆ ಏರಿಸಬೇಕಾಯ್ತು.

ಬೈಯೋಕೆ ಬಾಯಿ ತೆಗೆದವನು ಸುಮ್ಮನಾದೆ, ತಪ್ಪು ನಂದೇ. ಸ್ಕೂಲ್ ಹಾಜರಿಯಿಂದ ಹಿಡಿದು ಮದುವೆ ಮುಯ್ಯಿ ಪುಸ್ತಕದ ತನಕ ಕ್ರ.ಸಂ. ಅಂದ್ರೆ ಸಾಲಿನ ನಂಬರ್ ತಾನೆ. ಮಧ್ಯೆ ಒಂದು ಸಾಲು ಹೊಡೆದು ಹಾಕಿದ್ರೆ 5 ಇದ್ದದ್ದು 4 ಆಗುತ್ತೆ. ಮೋಟರ್ ನಂಬರ್ ಹಾಗಲ್ಲ, ಆ ಮೋಟರ್ ಗುಜರಿಗೆ ಹೋದ್ರೂ ಅದರ ನಂಬರ್ ಇನ್ನೊಂದಕ್ಕೆ ಕೊಡೋ ಹಾಗಿಲ್ಲ.

ಸರಿ, ಬೇರೆ ಏನನ್ನಬೇಕು? 'ಸರಣಿ ಸಂಖ್ಯೆ' ಅಂದ್ರೆ ನಂಗೆ ಇಡೀ ಸರಣಿಯ ನಂಬರ್ ಅನ್ಸುತ್ತೆ, ಅಂದ್ರೆ ಬ್ಯಾಚ್ ನಂಬರ್, ಹೇಳ್ಬೇಕಾಗಿರೋದಕ್ಕೆ ಪೂರ್ತಿ ಉಲ್ಟಾ. 'ಗುರುತಿನ ಸಂಖ್ಯೆ' ಪರವಾಗಿಲ್ಲ, ಆದ್ರೆ ಅದನ್ನ ನೋಡಿದ ತಕ್ಷಣ ಗೇಟಲ್ಲಿ ತೋರಿಸೋ ಐಡಿ ಕಾರ್ಡ್ ನೆನಪಾಗುತ್ತೆ. ನಮ್ಮ ಹಳೇ ಫಿಟ್ಟರ್ ಒಬ್ರು ಮಾತ್ರ ಮೊದಲಿಂದ 'ಪಂಚ್ ನಂಬರ್' ಅಂತಾನೇ ಅನ್ನೋದು. ಗಾಡಿಯ ಚಾಸಿ ನಂಬರ್ ಇದ್ದ ಹಾಗೆ, ಲೋಹದ ಮೇಲೆ ಕೂತಿರೋ ನಂಬರ್, ಯಾರಿಗೂ ಗೊಂದಲ ಇಲ್ಲ. (ಚಾಸಿ ನಂಬರಿನ 17 ಅಕ್ಷರಗಳಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರೋದೇ ಇಲ್ಲ, 1 ಮತ್ತು 0 ಜೊತೆ ಕಲಸಿಹೋಗುತ್ತೆ ಅಂತ. ನಮ್ಮ ಪಂಚ್ ಸೆಟ್ಟಿಂದಲೂ ಓ ತೆಗೆಸಿಟ್ಟಿದ್ದೀನಿ.) ಆದ್ರೆ ಪಂಚ್ ಬದಲು ಸ್ಟಿಕರ್ ಅಂಟಿಸಿದ್ರೆ ಆಗ ಆ ಹೆಸರು ನಿಲ್ಲುತ್ತಾ?

ಇನ್ನೊಂದು ತಲೆನೋವು ಟ್ರ್ಯಾಕಿಂಗ್, ಟ್ರೇಸಿಂಗ್ ಅನ್ನೋ ಜೋಡಿ. ಈ ಮೋಟರ್ ಈಗ ಎಲ್ಲಿದೆ ಅನ್ನೋದು ಒಂದು. ಇದರೊಳಗೆ ಯಾವ ಲಾಟಿನ ಬೇರಿಂಗ್ ಹೋಗಿದೆ, ಯಾರು ವೈಂಡಿಂಗ್ ಮಾಡಿದ್ರು ಅಂತ ಹಿಂದಕ್ಕೆ ಹೋಗಿ ನೋಡೋದು ಇನ್ನೊಂದು. ಬೇರಿಂಗ್ ಲಾಟ್ ಕೆಟ್ಟದ್ದು ಅಂತ ಗೊತ್ತಾದ ದಿನ ಬೇಕಾಗೋದು ಈ ಎರಡನೇದು. 'ಪತ್ತೆ ಹಚ್ಚೋದು' ಅಂದ್ರೆ ಕಳೆದುಹೋಗಿದ್ದನ್ನ ಹುಡುಕಿದ ಹಾಗಾಗುತ್ತೆ, 'ಜಾಡು ಹಿಡಿಯೋದು' ಅಂದ್ರೆ ಕಳ್ಳನ ಹಿಂದೆ ಬಿದ್ದ ಹಾಗೆ. ಆದ್ರೂ ಹಿಂದಕ್ಕೆ ಹೋಗೋದಕ್ಕೆ 'ಜಾಡು' ನಂಗೆ ಇಷ್ಟ. ಸಾಫ್ಟ್‌ವೇರ್‌ನೋರು ಇದಕ್ಕೆ ಜೀನಿಯಾಲಜಿ ಅಂತಾರೆ, ಅದನ್ನ ಹೇಳಿದ್ದಕ್ಕೆ ಸ್ಟೋರ್ಸ್‌ನೋರು "ಮೋಟರಿಗೂ ನಾಡಕಚೇರಿಯಿಂದ ವಂಶವೃಕ್ಷ ತರ್ಬೇಕಾ ಸಾರ್" ಅಂತ ನಕ್ಕರು. ಮೋಟರ್ ಈಗ ಎಲ್ಲಿದೆ ಅಂತ ನೋಡ್ತಾ ಇರೋ ಆ ಮೊದಲನೇದಕ್ಕೆ ಮಾತ್ರ ಒಂದು ಪದವೂ ಹೊಳೀತಿಲ್ಲ, 'ನಿಗಾ' ಅಂದ್ರೆ ಐಸಿಯು ನೆನಪಾಗುತ್ತೆ.

ಹೊಸ ರಿಜಿಸ್ಟರ್ ಶುಕ್ರವಾರ ಪ್ರಿಂಟಿಗೆ ಹೋಗುತ್ತೆ. ಕಾಲಮ್ಮಿಗೆ ಸದ್ಯಕ್ಕೆ 'ಮೋಟರ್ ಮೇಲಿರುವ ನಂಬರ್' ಅಂತ ಬರೆದಿಟ್ಟಿದ್ದೀನಿ. ಜಾಗ ಸಾಲ್ತಿಲ್ಲ, ಇದಕ್ಕಿಂತ ಚಿಕ್ಕದು ಯಾರಿಗಾದ್ರೂ ಹೊಳೆದ್ರೆ ದಯವಿಟ್ಟು ತಿಳಿಸಿ.