ಬೇಸ್‌ಬಾಲ್ ತಂಡಗಳ ಹಳೆಯ ಹೆಸರುಗಳು: ಇಸವಿಗಳು ಯಾಕೆ ತಾಳೆಯಾಗುವುದಿಲ್ಲ?

ಪ್ರಶ್ನೆ

ಅಮೆರಿಕದ ಮೇಜರ್ ಲೀಗ್ ತಂಡಗಳು ಯಾವಾಗ ಹೆಸರು ಬದಲಿಸಿದವು ಅಂತ ಒಂದು ಸ್ಪ್ರೆಡ್‌ಶೀಟ್ ಮಾಡ್ತಿದ್ದೇನೆ. ಈಚಿನವು ಸಲೀಸು. 1930ಕ್ಕಿಂತ ಹಿಂದೆ ಹೋದರೆ ಒಂದೊಂದು ಕಡೆ ಒಂದೊಂದು ಇಸವಿ. ವಾಷಿಂಗ್ಟನ್ ಸೆನೇಟರ್ಸ್ ಅಂತೂ ಎರಡು ಸಲ ಊರು ಬಿಟ್ಟ ಹಾಗೆ ಕಾಣುತ್ತೆ. ಹೇಗೆ ಜೋಡಿಸೋದು?

ಉತ್ತರ 1

ಆ ಕಾಲದಲ್ಲಿ ಅಡ್ಡಹೆಸರುಗಳನ್ನು ಹೆಚ್ಚಾಗಿ ಇಡುತ್ತಿದ್ದವರು ಪತ್ರಿಕೆಯವರು, ಮಾಲೀಕರಲ್ಲ. ಒಂದೇ ವರ್ಷ ಒಂದೇ ತಂಡಕ್ಕೆ ಎರಡು ಮೂರು ಹೆಸರು ಓಡಾಡುತ್ತಿದ್ದವು. ವಿಲ್ಬರ್ಟ್ ರಾಬಿನ್ಸನ್ ಮ್ಯಾನೇಜರ್ ಆಗಿದ್ದ 1914–1931ರಲ್ಲಿ ಬ್ರೂಕ್ಲಿನ್ ತಂಡವನ್ನು ರಾಬಿನ್ಸ್ ಅಂದರು. ಅದೇ ತಂಡಕ್ಕೆ ಡಾಡ್ಜರ್ಸ್ ಅನ್ನೋ ಹೆಸರು ಗಟ್ಟಿಯಾಗಿ ನಿಂತದ್ದು 1932ರಿಂದ. ಕ್ಲೀವ್‌ಲ್ಯಾಂಡ್‌ನವರು ತಮ್ಮ ಆಟಗಾರ ನೆಪೋಲಿಯನ್ ಲಾಜುವೇ ಇರುವವರೆಗೆ ನ್ಯಾಪ್ಸ್, ಅವನು ಹೋದ ಮೇಲೆ 1915ರಿಂದ ಇಂಡಿಯನ್ಸ್, 2022ರಿಂದ ಗಾರ್ಡಿಯನ್ಸ್.

ಹಾಗಾಗಿ ಅಧಿಕೃತ ಹೆಸರಿಗೆ ಒಂದು ಕಾಲಂ, ಜನ ಕರೆದ ಹೆಸರಿಗೆ ಇನ್ನೊಂದು ಕಾಲಂ ಇಡಿ. ಘೋಷಣೆಯ ದಿನಾಂಕ ಬೇಡ, ಆ ಹೆಸರಲ್ಲಿ ಆಡಿದ ಮೊದಲ ಋತು ಹಾಕಿ. ಫ್ಲೋರಿಡಾ ಮಾರ್ಲಿನ್ಸ್ ಮಯಾಮಿ ಆದದ್ದು 2011ರ ನವೆಂಬರಲ್ಲಿ, ಆಡಿದ್ದು 2012ರಲ್ಲಿ. ಒಂದು ಅಪವಾದ ನೆನಪಿಡಿ: ಲಾಸ್ ಏಂಜಲೀಸ್ ಏಂಜಲ್ಸ್ 1965ರ ಸೆಪ್ಟೆಂಬರಲ್ಲಿ, ಋತು ನಡೆಯುತ್ತಿರುವಾಗಲೇ, ಕ್ಯಾಲಿಫೋರ್ನಿಯಾ ಏಂಜಲ್ಸ್ ಆಯಿತು.

ಉತ್ತರ 2

ವಾಷಿಂಗ್ಟನ್ ವಿಷಯ: ಅಲ್ಲಿರುವುದು ಮೂರು ಬೇರೆ ಬೇರೆ ಫ್ರಾಂಚೈಸಿಗಳು (ಊರು, ಹೆಸರು ಬದಲಾದರೂ ಮುಂದುವರಿಯುವ ತಂಡದ ಸಂಸ್ಥೆಗಳು). 1901ರದ್ದು 1961ರಲ್ಲಿ ಮಿನ್ನೆಸೋಟಾ ಟ್ವಿನ್ಸ್ ಆಯಿತು. ಅದೇ 1961ರಲ್ಲಿ ಹೊಸ ತಂಡವೊಂದು ಅದೇ ಸೆನೇಟರ್ಸ್ ಹೆಸರಲ್ಲಿ ಶುರುವಾಗಿ 1972ರಲ್ಲಿ ಟೆಕ್ಸಸ್ ರೇಂಜರ್ಸ್ ಆಯಿತು. ಈಗಿನ ನ್ಯಾಷನಲ್ಸ್ ಅಂದರೆ ಹಿಂದಿನ ಮಾಂಟ್ರಿಯಲ್ ಎಕ್ಸ್‌ಪೋಸ್, 2005ರಲ್ಲಿ ಬಂದದ್ದು. ಇನ್ನೂ ಗೋಜಲು ಮಾಡುವ ಸಂಗತಿ, ಮೊದಲ ತಂಡದ ಅಧಿಕೃತ ಹೆಸರೇ 1905ರಿಂದ ಬಹುಕಾಲ ನ್ಯಾಷನಲ್ಸ್. ಸೆನೇಟರ್ಸ್ ಅನ್ನೋದು ರೂಢಿ. ಹೆಸರು ನೋಡಿ ಜೋಡಿಸಿದರೆ ಆ ಮೊದಲ ತಂಡದ ಎಸೆತಗಾರ ವಾಲ್ಟರ್ ಜಾನ್ಸನ್‌ನ 417 ಗೆಲುವುಗಳು ತಪ್ಪು ತಂಡದ ಖಾತೆಗೆ ಬೀಳುತ್ತವೆ. ಅವು ಟ್ವಿನ್ಸ್ ಫ್ರಾಂಚೈಸಿಗೆ ಸೇರಿದ್ದು.

ರೆಟ್ರೋಶೀಟ್ (ಹಳೆಯ ಬೇಸ್‌ಬಾಲ್ ಪಂದ್ಯಗಳ ದಾಖಲೆ ಸಂಗ್ರಹ) ದತ್ತಾಂಶ ಬಳಸ್ತಿದ್ದರೆ ಅದರಲ್ಲಿ ಇವಕ್ಕೆ ಡಬ್ಲ್ಯುಎಸ್1, ಡಬ್ಲ್ಯುಎಸ್2, ಡಬ್ಲ್ಯುಎಎಸ್ ಅಂತ ಪ್ರತ್ಯೇಕ ಕೋಡ್ ಇವೆ. ಹೆಸರಿನ ಬದಲು ಕೋಡನ್ನೇ ಕೀ (ಸಾಲುಗಳನ್ನು ಜೋಡಿಸುವ ಗುರುತು) ಮಾಡಿಕೊಳ್ಳಿ, ಪಕ್ಕದಲ್ಲಿ ಫ್ರಾಂಚೈಸಿ ಸಂಖ್ಯೆ. ಸಿಯಾಟಲ್‌ಗೂ ಇದೇ ಮದ್ದು: 1969ರ ಪೈಲಟ್ಸ್ ಒಂದೇ ಋತು ಆಡಿ ಮಿಲ್ವಾಕೀ ಬ್ರೂವರ್ಸ್ ಆಯಿತು. 1977ರ ಮ್ಯಾರಿನರ್ಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಉತ್ತರ 3

ಇಬ್ಬರೂ ಹೇಳಿದ್ದು ಸರಿ. ಆದರೆ ಕೋಡ್ ಒಂದನ್ನೇ ನಂಬಬೇಡಿ, ಊರು ಬದಲಾಗದೆ ಹೆಸರು ಮಾತ್ರ ಬದಲಾದರೆ ಅದು ಹಾಗೇ ಇರುತ್ತೆ. ಹೆಸರು ಹೋಗಿ ಮತ್ತೆ ಬಂದದ್ದೂ ಉಂಟು. ಬೋಸ್ಟನ್ ಬ್ರೇವ್ಸ್ 1936–1940ರಲ್ಲಿ ಬೀಸ್ ಆಗಿತ್ತು. ಸಿನ್ಸಿನ್ಯಾಟಿ ರೆಡ್ಸ್, ಕಮ್ಯುನಿಸ್ಟ್ ವಿರೋಧಿ ಭೀತಿಯ ಆ ದಿನಗಳಲ್ಲಿ, 1953ರಿಂದ 1958ರವರೆಗೆ ರೆಡ್‌ಲೆಗ್ಸ್. ಪ್ರತಿ ಹೆಸರಿಗೆ ಒಂದೇ ಸಾಲು ಇಟ್ಟರೆ ನಡುವಿನ ಆ ವರ್ಷಗಳು ನುಂಗಿಹೋಗುತ್ತವೆ. ಪ್ರತಿ ಅವಧಿಗೂ ಹೊಸ ಸಾಲು ಬರೆಯಿರಿ.

ಹಾಗೇ ಊರಿನ ಕಾಲಂ ಕಡ್ಡಾಯ ಅಂತ ಮಾಡಬೇಡಿ. 2025ರಿಂದ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ ಆಡುತ್ತಿರುವ ಅಥ್ಲೆಟಿಕ್ಸ್ ಯಾವ ಊರಿನ ಹೆಸರನ್ನೂ ಹಾಕಿಕೊಂಡಿಲ್ಲ.