ರಬ್ಬರ್ ರಿಂಗ್ ಹಾಕಿದ ಮೇಲೆ ವೂಫರಿನ ಬೇಸ್ ಬತ್ತಿದ್ದೇಕೆ? ಸ್ಪೈಡರ್ ಬದಲಿಸಬೇಕಾ?

ಮಂದ್ರಸ್ಥಾಯಿ:
8 ಇಂಚಿನ ವೂಫರ್, 8 ಓಮ್, ಪೇಪರ್ ಕೋನ್. ಅಂಚಿನ ಫೋಮ್ ಪುಡಿಪುಡಿಯಾಗಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದೇ ಸೈಜಿನ ರಬ್ಬರ್ ರಿಂಗ್ ಸಿಕ್ಕಿತು, ಹಾಕಿದ್ದಾಯಿತು. ಈಗ ಬೇಸ್ ತೆಳ್ಳಗಾಗಿದೆ, ಕೋನಿನ ಒಂದು ಪಕ್ಕ ಒತ್ತಿದರೆ ಕರಕರ ಅನ್ನುತ್ತೆ. ಡೇಟಾಶೀಟಿನಲ್ಲಿ ರೆಸೊನೆನ್ಸ್ (ಕೋನ್ ತಾನಾಗಿ ಆಡುವ ಕಂಪನಾಂಕ) 35 ಹರ್ಟ್ಸ್, ಚಲಿಸುವ ಭಾಗದ ತೂಕ 30 ಗ್ರಾಂ. ಹಳೆ ಫೋಮ್ ಕಿತ್ತು, ರಿಂಗ್ ಇಲ್ಲದೆ ಬರೀ ಸ್ಪೈಡರ್ (ಕೋನಿನ ಬುಡವನ್ನು ಹಿಡಿದಿರುವ ಬಟ್ಟೆ) ಮೇಲೆ ಅಳೆದಾಗ 31 ಬಂತು. ರಬ್ಬರ್ ಹಾಕಿದ ಮೇಲೆ 45. ಸ್ಪೈಡರ್ ಬದಲಿಸಬೇಕಾ, ಅಥವಾ ಸ್ವಲ್ಪ ದಿನ ಓಡಿಸಿದರೆ ಸಡಿಲವಾಗುತ್ತಾ?

ಕಾಯಿಲ್_ಕಟ್ಟೆ:
ಸ್ಪೈಡರಿಗೆ ಕೈ ಹಚ್ಚಬೇಡಿ. ರಿಂಗ್ ಇಲ್ಲದೆ ಅಳೆದಿದ್ದು ಒಳ್ಳೇದಾಯ್ತು, ಉತ್ತರ ಅದರಲ್ಲೇ ಇದೆ.

ಹರ್ಟ್ಸನ್ನು 6.28ರಿಂದ ಗುಣಿಸಿ, ವರ್ಗ ಮಾಡಿ, ಕಿಲೋದಲ್ಲಿರುವ ತೂಕದಿಂದ ಗುಣಿಸಿದರೆ ಬಿಗಿತ ಸಿಗುತ್ತದೆ. 35 ಹರ್ಟ್ಸಿಗೆ ಸುಮಾರು 1450 ನ್ಯೂಟನ್/ಮೀಟರ್. 31ಕ್ಕೆ 1140, ಇದು ಸ್ಪೈಡರಿನದ್ದು. ಅಂದರೆ ಹಳೆ ಫೋಮಿನ ಪಾಲು ಬರೀ 310. 45ಕ್ಕೆ 2400, ಅದರಲ್ಲಿ ಸ್ಪೈಡರಿನ 1140 ಕಳೆದರೆ ನಿಮ್ಮ ರಬ್ಬರಿಗೆ 1260. ಫೋಮಿನ ನಾಲ್ಕು ಪಟ್ಟು! ರಬ್ಬರ್ ರಿಂಗ್ ತೂಕವೂ ಹೆಚ್ಚು, ಆ ತೂಕಕ್ಕೆ ರೆಸೊನೆನ್ಸ್ ಇಳಿಯಬೇಕಿತ್ತು. ಇಳಿಯದೆ ಏರಿದೆ ಅಂದರೆ ನಿಜವಾದ ಬಿಗಿತ ಈ ಲೆಕ್ಕಕ್ಕಿಂತಲೂ ಜಾಸ್ತಿಯೇ.

ಕೋನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗಿನ ಕೆಲಸ ಮುಖ್ಯವಾಗಿ ಸ್ಪೈಡರಿನದು. ರೆಸಿನ್ ಕುಡಿಸಿ, ಬಿಸಿ ಅಚ್ಚಿನಲ್ಲಿ ಅಲೆಅಲೆಯಾಗಿ ಒತ್ತಿದ ಬಟ್ಟೆ ಅದು. ಸರೌಂಡ್, ಅಂದರೆ ಅಂಚಿನ ರಿಂಗ್, ಮೆತ್ತಗಿರಬೇಕು, ಅದರ ಕೆಲಸ ಬೇರೆ. ಕೋನಿನ ಅಂಚನ್ನು ಮಧ್ಯದಲ್ಲಿ ಹಿಡಿಯೋದು, ಗಾಳಿ ಸೋರದಂತೆ ತಡೆಯೋದು, ಕಾಯಿಲಿನಿಂದ (ಕೋನನ್ನು ಆಡಿಸುವ ತಂತಿ ಸುರುಳಿ) ಅಂಚಿನವರೆಗೆ ಕೋನಿನಲ್ಲಿ ಓಡಿ ಬರುವ ಕಂಪನವನ್ನು ನುಂಗೋದು. ನುಂಗದೆ ವಾಪಸ್ ಕಳಿಸಿದರೆ ಮಿಡ್‌ರೇಂಜಿನಲ್ಲಿ ಏರಿಳಿತ ಕೇಳಿಸುತ್ತದೆ. ಸ್ಪೈಡರ್, ಸರೌಂಡ್ ಎರಡೂ ಬೇರೆ ಬೇರೆ ಎತ್ತರದಲ್ಲಿ ಹಿಡಿದಿರುವುದರಿಂದಲೇ ಕೋನ್ ಓಲಾಡದೆ ನೆಟ್ಟಗೆ ಓಡುತ್ತದೆ.

ಓಡಿಸಿ ಸಡಿಲ ಮಾಡುವ ಆಸೆ ಬಿಡಿ. ಹೊಸ ಡ್ರೈವರಿನಲ್ಲಿ ಸಡಿಲವಾಗುವುದು ಹೆಚ್ಚಾಗಿ ಸ್ಪೈಡರಿನ ರೆಸಿನ್. ನಿಮ್ಮದು ವರ್ಷಗಟ್ಟಲೆ ಓಡಿ ಆಗಲೇ ಸಡಿಲವಾಗಿದೆ. 45 ಇದ್ದದ್ದು 35ಕ್ಕೆ ಇಳಿಯೋದಿಲ್ಲ.

ತೀಡಿದ_ತಂತಿ:
ಮೇಲಿನ ಲೆಕ್ಕಕ್ಕೆ ನನ್ನದೂ ಸಹಿ, ಆದರೆ ಎಲ್ಲ ತಪ್ಪನ್ನೂ ರಬ್ಬರಿನ ತಲೆಗೆ ಕಟ್ಟುವ ಮುಂಚೆ ಅಂಟಿಸಿದ ರೀತಿ ನೋಡಿ. ಸ್ಪೈಡರ್ ತಾನಾಗಿ ನಿಲ್ಲುವ ಎತ್ತರಕ್ಕಿಂತ ಮೇಲೋ ಕೆಳಗೋ ರಿಂಗ್ ಅಂಟಿಕೊಂಡಿದ್ದರೆ ಎರಡೂ ಸದಾ ಜಗ್ಗಾಡುತ್ತಿರುತ್ತವೆ, ಆಗಲೂ ಬಿಗಿತ ಏರುತ್ತದೆ. 1.5 ವೋಲ್ಟಿನ ಸೆಲ್ಲನ್ನು ಕ್ಷಣ ಮಾತ್ರ ಮುಟ್ಟಿಸಿ, ಆಮೇಲೆ ತಿರುಗಿಸಿ ಮುಟ್ಟಿಸಿ. ಕೋನ್ ಮುಂದೆ ಹೋದಷ್ಟೇ ಹಿಂದೆಯೂ ಹೋಗಬೇಕು. ಜೊತೆಗೆ, ಬಾಸ್ಕೆಟಿನ (ಸ್ಪೀಕರಿನ ಚೌಕಟ್ಟು) ಮೇಲಂಚಿಗೆ ಸ್ಕೇಲ್ ಅಡ್ಡ ಇಟ್ಟು, ಅಲ್ಲಿಂದ ಕೋನಿನ ಅಂಚಿಗೆ ನಾಲ್ಕು ಕಡೆ ಆಳ ಅಳೆಯಿರಿ.

ಮಂದ್ರಸ್ಥಾಯಿ:
ಸೆಲ್ ಪರೀಕ್ಷೆಯಲ್ಲಿ ಎರಡೂ ಕಡೆ ಹೆಚ್ಚುಕಮ್ಮಿ ಸಮ. ವರ್ನಿಯರಿನಲ್ಲಿ ಆಳ: 11.0, 10.6, 10.0, 10.5 ಮಿ.ಮೀ. ಬೇರೆ ರಿಂಗ್ ತರುವುದಾದರೆ ಯಾವುದು? ಅಂಟು ಯಾವುದು?

ತೀಡಿದ_ತಂತಿ:
ಎದುರುಬದುರು 1 ಮಿ.ಮೀ. ವ್ಯತ್ಯಾಸ ಅಂದರೆ ಕೋನ್ ಓರೆ ಕೂತಿದೆ. 165 ಮಿ.ಮೀ. ಅಗಲಕ್ಕೆ 1 ಮಿ.ಮೀ. ಓರೆಯಾದರೆ, ಸ್ಪೈಡರಿನಿಂದ 15 ಮಿ.ಮೀ. ಕೆಳಗಿರುವ ಕಾಯಿಲಿನ ತುದಿ ಸುಮಾರು 0.1 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಇರುವ ಜಾಗವೇ 0.3 ಮಿ.ಮೀ. ಆಸುಪಾಸು. ರಿಂಗ್ ತುಸು ಪಕ್ಕಕ್ಕೂ ಕೂತಿದ್ದರೆ ಮುಗಿಯಿತು, ಕರಕರ.

ಫೋಮ್ ರಿಂಗೇ ತನ್ನಿ. ಬರೀ ಹೊರ ವ್ಯಾಸ ನೋಡಬೇಡಿ. ಒಳ ವ್ಯಾಸ, ಉಬ್ಬಿನ ಅಗಲ, ಕೋನಿಗೆ ಅಂಟುವ ಅಂಚು ಚಪ್ಪಟೆಯೋ ಇಳಿಜಾರೋ, ಇವೂ ಹೊಂದಬೇಕು. ಮನೆ ಕರಾವಳಿಯಲ್ಲಿದ್ದರೆ ಫೋಮಿನ ಆಯುಸ್ಸು ಕಡಿಮೆ (ತೇವ ಫೋಮನ್ನು ಒಳಗಿಂದ ತಿನ್ನುತ್ತದೆ). ಅಲ್ಲಿಗಾದರೆ ತೆಳು, ಮೆತ್ತನೆ ರಬ್ಬರ್ ಹುಡುಕಿ. ಬೆರಳಲ್ಲಿ ಒತ್ತಿದಾಗ ಪುಟಿದು ನಿಲ್ಲುವ ರಬ್ಬರ್ ಬೇಡ.

ಡಸ್ಟ್ ಕ್ಯಾಪನ್ನು (ಕೋನಿನ ನಡುವಿನ ಮುಚ್ಚಳ) ಅಂಟಿನ ಗೆರೆಯಲ್ಲೇ ಬ್ಲೇಡಿನಿಂದ ಬಿಡಿಸಿ. ಓ.ಎಚ್.ಪಿ. ಶೀಟಿನ (ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ನಾಲ್ಕು ಪಟ್ಟಿ ಕತ್ತರಿಸಿ ಕಾಯಿಲ್ ಕೊಳವೆಗೂ ನಡುವಿನ ಕಂಬಕ್ಕೂ ಮಧ್ಯೆ ಇಳಿಸಿ. ತುಸು ಬಿಗಿಯಾಗಿ ಇಳಿಯಬೇಕು. ಸಡಿಲವಿದ್ದರೆ ಎರಡು ಪದರ ಹಾಕಿ. ಮೊದಲು ಕೋನಿನ ಕಡೆ ಅಂಟಿಸಿ, ಪೂರಾ ಒಣಗಿದ ಮೇಲೆ ಬಾಸ್ಕೆಟ್ ಕಡೆ. ಫೋಮಿಗೆ ಬಿಳಿ ಫೆವಿಕಾಲ್ ನಡೆಯುತ್ತದೆ, ಸರಿಸಿ ಕೂರಿಸಲು ಹತ್ತು ನಿಮಿಷ ಸಮಯವೂ ಕೊಡುತ್ತದೆ. ರಬ್ಬರಿಗೆ ಅದು ಹಿಡಿಯುವುದಿಲ್ಲ, ಕಾಂಟ್ಯಾಕ್ಟ್ ಅಂಟೇ ಬೇಕು. ಅದು ಮುಟ್ಟಿದ ತಕ್ಷಣ ಕಚ್ಚಿಕೊಳ್ಳುವುದರಿಂದ ರಿಂಗ್ ಓರೆ ಕೂರುವುದೂ ಸುಲಭ, ನಿಮ್ಮಲ್ಲಿ ಆಗಿರುವುದೂ ಬಹುಶಃ ಅದೇ. ಫೆವಿಕ್ವಿಕ್ ಮಾತ್ರ ಬೇಡ, ಒಣಗಿದ ಮೇಲೆ ಗಾಜಿನಂತಾಗಿ ಬಿರಿಯುತ್ತದೆ.

ಕಾಯಿಲ್_ಕಟ್ಟೆ:
ಒಂದು ಸೇರಿಸುತ್ತೇನೆ. ಪಟ್ಟಿ ತೆಗೆದ ಮೇಲೆ ಡಸ್ಟ್ ಕ್ಯಾಪ್ ಅಂಟಿಸುವ ಅವಸರ ಬೇಡ. ಮೊದಲು 30 ಹರ್ಟ್ಸ್ ಟೋನ್ ಸಣ್ಣಗೆ ಹಾಕಿ, ಕೋನ್ 2–3 ಮಿ.ಮೀ. ಆಡುವಷ್ಟು. ಕಿವಿ ಹತ್ತಿರ ಇಟ್ಟಾಗ ಕೆರೆತ ಕೇಳಿಸಿದರೆ ಪಟ್ಟಿ ಮತ್ತೆ ಇಳಿಸಿ, ಬಾಸ್ಕೆಟ್ ಕಡೆಯ ಅಂಟು ಮಾತ್ರ ಬಿಡಿಸಿ. ಸದ್ದಿಲ್ಲದಿದ್ದರೆ ರೆಸೊನೆನ್ಸ್ ಅಳೆಯಿರಿ. 34ರಿಂದ 37ರೊಳಗೆ ಬಂದರೆ ಕ್ಯಾಪ್ ಮುಚ್ಚಿ.