ಜೀನಿಯಲ್ಲಿ ಎಫ್5 ಒತ್ತಿದರೆ ಹಳೇ ಔಟ್‌ಪುಟ್ಟೇ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಡಿಪ್ಲೊಮಾ ಓದುತ್ತಿದ್ದೇನೆ. ಉಬುಂಟುವಿನಲ್ಲಿ ಜೀನಿ ಎಡಿಟರ್ ಹಾಕಿಕೊಂಡು ಸಿ ಪ್ರೋಗ್ರಾಂ ಬರೆಯುತ್ತೇನೆ. ಕೋಡ್ ತಿದ್ದಿ ಎಫ್8 ಒತ್ತಿದರೆ ಕಂಪೈಲ್ ಆಯ್ತು ಅಂತ ಬರುತ್ತದೆ. ಎಫ್5 ಒತ್ತಿದರೆ ಮಾತ್ರ ಹಳೇ ಔಟ್‌ಪುಟ್ಟೇ. ಎಡಿಟರ್ ತೆಗೆದು ಮತ್ತೆ ಹಾಕಿದರೂ ಹಾಗೇ. ಪ್ರತಿ ಸಲ ಟರ್ಮಿನಲ್‌ಗೆ ಹೋಗದೆ ಇಲ್ಲೇ ಓಡಿಸಬಹುದಾ?

ಉತ್ತರ: ಖಂಡಿತ. ಎಡಿಟರ್ ಸರಿಯಾಗೇ ಇದೆ, ನೀವು ಎಫ್9 ಬಿಟ್ಟಿದ್ದೀರಿ ಅಷ್ಟೇ. ಎಫ್8 ಬರೀ ಕಂಪೈಲ್ ಮಾಡುತ್ತದೆ, ಅಂದರೆ ನಿಮ್ಮ ಫೈಲಿನಿಂದ ಒಂದು ಡಾಟ್ ಓ ಫೈಲ್ ಮಾಡಿ ನಿಲ್ಲುತ್ತದೆ. ಅದನ್ನು ಓಡಿಸಲು ಆಗಲ್ಲ. ಲೈಬ್ರರಿಗಳ (ಮೊದಲೇ ಬರೆದಿಟ್ಟ ಫಂಕ್ಷನ್‌ಗಳ ಸಂಗ್ರಹ) ಜೊತೆ ಲಿಂಕ್ ಮಾಡಿ, ಅಂದರೆ ಜೋಡಿಸಿ, ಓಡುವ ಫೈಲ್ ತಯಾರಿಸೋದು ಎಫ್9, ಅದೇ ಬಿಲ್ಡ್. ಎಫ್5 ಆ ಫೈಲನ್ನು ಓಡಿಸುತ್ತದೆಯೇ ಹೊರತು ಕೋಡ್ ಬದಲಾಗಿದೆಯಾ ಅಂತ ನೋಡುವುದೇ ಇಲ್ಲ, ಹಾಗಾಗಿ ಯಾವತ್ತೋ ಬಿಲ್ಡ್ ಮಾಡಿದ್ದು ಫೋಲ್ಡರಿನಲ್ಲಿ ಬಿದ್ದಿದ್ದರೆ ಅದೇ ಓಡುತ್ತದೆ. ಇದನ್ನು ಲ್ಯಾಬಿನಲ್ಲಿ ಮೊದಲ ದಿನವೇ ಹೇಳಿಕೊಡಬೇಕು, ಎಷ್ಟೋ ಮಕ್ಕಳು ಇಲ್ಲೇ ಸುಮ್ನೆ ಒದ್ದಾಡುತ್ತಾರೆ.

ಒಂದೇ ಫೈಲಿನ ಪ್ರೋಗ್ರಾಂ ಆದರೆ ಎಫ್8 ಬೇಕಿಲ್ಲ. ಎಫ್9, ಆಮೇಲೆ ಎಫ್5. ತಪ್ಪಿದ್ದರೆ ಕೆಳಗೆ ಕಂಪೈಲರ್ ಟ್ಯಾಬಿನಲ್ಲಿ ಬರುತ್ತದೆ, ಆ ಎರರ್ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ನೇರ ಆ ಸಾಲಿಗೇ ಹೋಗುತ್ತದೆ. ಮೇಲಿನದನ್ನೇ ಮೊದಲು ಸರಿಮಾಡಿ. ಒಂದು ಬ್ರಾಕೆಟ್ ಬಿಟ್ಟಿದ್ದಕ್ಕೇ ಸಾಲುಸಾಲು ಎರರ್ ಬರುವುದುಂಟು.

ಪ್ರಶ್ನೆ: ಬಂತು ಸರ್, ಥ್ಯಾಂಕ್ಸ್! ಇನ್ನೊಂದು. ಘಾತ ಲೆಕ್ಕ ಹಾಕುವ ಪವ್ ಫಂಕ್ಷನ್ ಬಳಸಿದರೆ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಪವ್’ ಅನ್ನುತ್ತದೆ. ಮ್ಯಾತ್ ಡಾಟ್ ಎಚ್ ಹೆಡರ್ ಸೇರಿಸಿದ್ದೇನೆ. 2, 3 ಅಂತ ನೇರ ಬರೆದಾಗ ಉತ್ತರ ಬಂದಿತ್ತು, ಸ್ಕ್ಯಾನ್‌ಎಫ್‌ನಲ್ಲಿ ಕೀಬೋರ್ಡಿನಿಂದ ತಗೊಂಡರೆ ಬರಲ್ಲ.

ಉತ್ತರ: ಒಳ್ಳೆಯದನ್ನೇ ಗಮನಿಸಿದ್ದೀರಿ. ನೇರ ಅಂಕಿ ಕೊಟ್ಟರೆ ಜಿಸಿಸಿ (ನಿಮ್ಮ ಸಿ ಕಂಪೈಲರ್) ಕಂಪೈಲ್ ಮಾಡುವಾಗಲೇ ಲೆಕ್ಕ ಹಾಕಿ ಉತ್ತರ ಇಟ್ಟುಬಿಡುತ್ತದೆ, ಪವ್ ಅನ್ನು ಕರೆಯುವುದೇ ಇಲ್ಲ. ಸ್ಕ್ಯಾನ್‌ಎಫ್ ಬಂದರೆ ಓಡುವಾಗ ಪವ್ ನಿಜವಾಗಿ ಬೇಕು. ಹೆಡರ್‌ನಲ್ಲಿ ಅದರ ಘೋಷಣೆ ಮಾತ್ರ ಇದೆ, ಕೋಡ್ ಇರೋದು ಮ್ಯಾತ್ ಲೈಬ್ರರಿಯಲ್ಲಿ.

ಬಿಲ್ಡ್ ಮೆನುವಿನಲ್ಲಿ ಸೆಟ್ ಬಿಲ್ಡ್ ಕಮಾಂಡ್ಸ್ ತೆರೆಯಿರಿ. ಸಿ ಕಮಾಂಡ್‌ಗಳಲ್ಲಿ ಬಿಲ್ಡ್ ಅಂತ ಇರುವ ಸಾಲಿನ ತುದಿಯಲ್ಲಿ ಒಂದು ಸ್ಪೇಸ್ ಬಿಟ್ಟು ಮೈನಸ್, ಎಲ್, ಎಂ ಸೇರಿಸಿ, ಮ್ಯಾತ್ ಲೈಬ್ರರಿಯನ್ನು ಲಿಂಕ್ ಮಾಡು ಅಂತ ಹೇಳುವುದು ಇದೇ. ಸಣ್ಣಕ್ಷರ, ಮಧ್ಯೆ ಜಾಗ ಬೇಡ. ತುದಿಯಲ್ಲೇ ಇರಲಿ, ಫೈಲ್ ಹೆಸರಿಗಿಂತ ಮುಂಚೆ ಹಾಕಿದರೆ ಉಬುಂಟುವಿನಲ್ಲಿ ಅದೇ ಎರರ್ ಮತ್ತೆ ಬರುತ್ತದೆ. ಆ ಸಾಲಿನಲ್ಲಿರುವ ಪರ್ಸೆಂಟ್ ಎಫ್ ಅಂದರೆ ನಿಮ್ಮ ಫೈಲ್ ಹೆಸರು, ಪರ್ಸೆಂಟ್ ಇ ಅಂದರೆ ಎಕ್ಸ್‌ಟೆನ್ಷನ್ ಇಲ್ಲದ ಹೆಸರು. ಸುತ್ತಲಿನ ಕೋಟ್ ತೆಗೆಯಬೇಡಿ, ಹೆಸರಿನಲ್ಲಿ ಸ್ಪೇಸ್ ಇದ್ದರೆ ತೊಂದರೆ ಆಗುತ್ತದೆ.

ಮುಂದೆ ಸಿ++ ಬರೆಯುವಾಗ ಇದು ಬೇಕಾಗಲ್ಲ. ಸಿ++ ಕಂಪೈಲರ್ ಆದ ಜಿ++ ಮ್ಯಾತ್ ಲೈಬ್ರರಿಯನ್ನು ತಾನೇ ಸೇರಿಸಿಕೊಳ್ಳುತ್ತದೆ.